ಮನೆಯಿಲ್ಲದ ಗೂಟಗಳು

ನವೆಂಬರ್ ೫, ಮಂಗಳವಾರ

ಬೆಳಿಗ್ಗೆ ನಿರ್ದೇಶಕಿ ನಮ್ಮನ್ನೆಲ್ಲ ಮರದ ಊರಿನ ಸುತ್ತ ನಿಲ್ಲಿಸಿಕೊಂಡು ಹೊಸ ಕಾರ್ಯಕ್ರಮದ ವಿಷಯ ಹೇಳಿದರು. ಈ ತಿಂಗಳ ಭಾನುವಾರಗಳಂದು ಒಂದೊಂದು ಬಡಾವಣೆಯವರನ್ನು ಸಂಗ್ರಹಾಲಯಕ್ಕೆ ಕರೆಯುವುದು. ಅವರು ಮರದ ಊರಿನಲ್ಲಿ ತಮ್ಮ ಮನೆ ಹುಡುಕುವುದು, ನೆನಪು ಹೇಳುವುದು. ಹೆಸರು ‘ನಿಮ್ಮ ಮನೆ ಎಲ್ಲಿ?’. ಕೊನೆಯ ಭಾನುವಾರ, ಇಪ್ಪತ್ನಾಲ್ಕಕ್ಕೆ, ಮೇಷ್ಟ್ರಿಗೆ ಸನ್ಮಾನ.

ಸನ್ಮಾನ ಸರಿಯೇ. ಎಂದೋ ಆಗಬೇಕಿತ್ತು. ಎರಡು ತಲೆಮಾರಿನ ಹಿಂದೆ ನಮ್ಮ ಊರು ಹೇಗಿತ್ತೋ ಹಾಗೆ, ಹೆಬ್ಬೆರಳೆತ್ತರದ ಮನೆಗಳಲ್ಲಿ, ಒಂದೊಂದು ಕಿಟಕಿಯನ್ನೂ ಕೊರೆದು ಮೇಷ್ಟ್ರು ಒಬ್ಬರೇ ಕಟ್ಟಿದ ಊರು ಇದು. ಸಂಗ್ರಹಾಲಯಕ್ಕೆ ಬಂದವರು ಬೇರೆ ಏನನ್ನು ನೋಡದಿದ್ದರೂ ಇದನ್ನು ನೋಡದೆ ಹೋಗುವುದಿಲ್ಲ. ಈಗ ಇದರ ರಿಪೇರಿ, ಉಸ್ತುವಾರಿ ಎಲ್ಲ ನನ್ನದು. ಕೆಲಸ ಕಲಿಸಿದವರೂ ಮೇಷ್ಟ್ರೇ. ಅಪ್ಪ ತೀರಿಕೊಂಡ ವರ್ಷ ನನ್ನನ್ನು ಕರೆದು ಕೈಗೆ ಚಿಮುಟ ಕೊಟ್ಟು ಹೇಳಿದ ಮೊದಲ ಮಾತು: ‘ಎರಡು ಸಾಕ್ಷಿ ಇಲ್ಲದೆ ಒಂದು ಕಿಟಕಿಯನ್ನೂ ಇಡಬೇಡ.’ ಒಂದು, ಕಣ್ಣಿಗೆ ಕಾಣುವಂಥದ್ದು, ನಕ್ಷೆಯೋ ಫೋಟೊವೋ. ಇನ್ನೊಂದು, ಅದರಿಂದ ತನಗೇನೂ ಲಾಭವಿಲ್ಲದವರ ಮಾತು. ಬರೀ ನೆನಪು ಸಾಲದು.

ಕಾರ್ಯಕ್ರಮದ ಬಗ್ಗೆ ನನಗಿರುವುದು ಬೇರೆ ಚಿಂತೆ. ‘ಮುಟ್ಟಬೇಡಿ’ ಎಂಬ ಇನ್ನೊಂದು ಫಲಕ ಹಾಕಿಸಿ ಎಂದೆ.

‘ಜನ ಬರ್ಲಿ ಅಂತ ಮಾಡ್ತಿರೋದಮ್ಮ, ಹೆದರಿಸಿ ಓಡಿಸೋದಕ್ಕಲ್ಲ’ ಎಂದರು ನಿರ್ದೇಶಕಿ.

ಮುಚ್ಚುವ ಹೊತ್ತಿಗೆ ಸುತ್ತಲಿನ ಗಾಜು ಒರೆಸಿದೆ.

ನವೆಂಬರ್ ೧೦, ಭಾನುವಾರ

ಸಂತೆಯ ಗದ್ದಲ. ಬಂದವರೆಲ್ಲ ಒಟ್ಟಿಗೆ ಮಾತಾಡಿದರು, ಯಾರೂ ಕೇಳಿಸಿಕೊಳ್ಳಲಿಲ್ಲ. ಒಬ್ಬರು ತಮ್ಮ ಮನೆ ಸಿಕ್ಕ ಖುಷಿಗೆ ಅತ್ತರು. ಇನ್ನೊಬ್ಬರು ಸಿಕ್ಕ ಮನೆ ಇಷ್ಟು ಚಿಕ್ಕದೇ ಎಂದು ಜಗಳ ತೆಗೆದರು.

ಮಧ್ಯಾಹ್ನ ಇಬ್ಬರು ಬಂದರು. ಬೀಗ ರಿಪೇರಿ ಮಾಡುವ ಒಬ್ಬ ಅಜ್ಜ, ಹೊಲಿಗೆ ಕೆಲಸದ ಒಬ್ಬ ಹೆಂಗಸು. ನೆರೆಮನೆಯವರಂತೆ. ಮೇಜಿನ ಸುತ್ತ ಎರಡು ಸುತ್ತು ಹಾಕಿ ನನ್ನ ಹತ್ತಿರ ಬಂದರು.

‘ಮೇಡಂ, ಬೀಗದ ಗಲ್ಲಿ ಎಲ್ಲಿ? ಬೇಕರಿಗೂ ಪ್ರೆಸ್ಸಿಗೂ ನಡುವೆ ಬರಬೇಕು.’

ಬೇಕರಿ ತೋರಿಸಿದೆ, ಮುದ್ರಣಾಲಯ ತೋರಿಸಿದೆ. ನಡುವೆ ಇರುವುದು ಮಣ್ಣಿನ ಬಣ್ಣದ ಒಂದು ತೆಳು ಪಟ್ಟಿ. ‘ಆ ಕಾಲದಲ್ಲಿ ಇಲ್ಲಿ ಖಾಲಿ ಜಾಗ ಇತ್ತು’ ಎಂದೆ.

‘ಹಂಗಾದ್ರೆ ನಾನು ಬಯಲಲ್ಲಿ ಹುಟ್ಟಿದ್ನಾ?’ ಎಂದರು ಅಜ್ಜ.

‘ಹುಟ್ಟಿರ್ತೀರಿ. ಅದಕ್ಕೇ ತಲೆಗೆ ಇಷ್ಟು ಗಾಳಿ ಹೊಕ್ಕಿರೋದು’ ಎಂದಳು ಹೊಲಿಗೆಯವಳು.

‘ನೋಡಿ ಮೇಡಂ, ಬೀದಿ ನಲ್ಲಿ ಇದ್ದಿದ್ದೇ ನಮ್ಮನೆ ಮುಂದೆ. ಎಲ್ಲರೂ ಅಲ್ಲಿಗೇ ಬರ್ತಿದ್ರು.’

‘ನಲ್ಲಿ ನಮ್ಮನೆ ಮುಂದಿತ್ತು ಅಜ್ಜಾ. ನಿಮ್ಮನೆ ಮುಂದೆ ಇದ್ದಿದ್ದು ಚರಂಡಿ!’

ಒಂದು ನಲ್ಲಿ ಎಲ್ಲಿತ್ತೆಂದು ಒಪ್ಪಲಾರದವರು ಒಂದು ಗಲ್ಲಿಯೇ ಇತ್ತೆಂದು ನಾನು ಒಪ್ಪಬೇಕು ಎನ್ನುತ್ತಾರೆ. ನಕ್ಷೆ ಇದೆಯೇ, ಫೋಟೊ ಇದೆಯೇ ಎಂದು ಕೇಳಿದೆ. ಇಲ್ಲ. ಇಷ್ಟು ವರ್ಷ ಒಮ್ಮೆಯೂ ಬಂದು ನೋಡಲಿಲ್ಲವೇ ಎಂದರೆ, ‘ನಮ್ಮೂರು ನಮ್ಗೆ ಗೊತ್ತಿಲ್ವಾ, ಚೀಟಿ ತಗೊಂಡು ನೋಡೋಕೆ?’ ಎಂದಳು ಆಕೆ.

ಹೊರಡುವಾಗ ಅಜ್ಜ ಗಾಜಿನ ಮೇಲೆ ಬೆರಳೊತ್ತಿ ಆ ಪಟ್ಟಿಯನ್ನೇ ನೋಡುತ್ತ ನಿಂತುಬಿಟ್ಟರು. ಕೈ ತೆಗೆಯಿರಿ ಎಂದೆ. ತೆಗೆದರು. ‘ದೇವರು ವರ ಕೊಟ್ರೂ ಪೂಜಾರಿ ಕೊಡಲ್ವಂತೆ’ ಎಂದು ಗೊಣಗಿಕೊಂಡು ಹೋದರು.

ಗಾಜು ಒರೆಸಿದೆ. ಎಣ್ಣೆಯ ಬೆರಳು, ಬೇಗ ಹೋಗಲಿಲ್ಲ.

ನವೆಂಬರ್ ೧೧, ಸೋಮವಾರ

ರಜೆ. ಅಕ್ಕ ಬೆಳಿಗ್ಗೆಯಿಂದ ಕೆದಕಿದಳು. ‘ಏನಾಯ್ತೇ ನಿನ್ನೆ? ಬಾಯಿಬಿಟ್ರೆ ಮುತ್ತು ಉದುರುತ್ತೆ ಅಂತ ಹೀಗೆ ಕೂತಿದ್ದೀಯಾ?’ ಏನೂ ಆಗಲಿಲ್ಲ ಎಂದೆ. ‘ಗುಮ್ಮನಗುಸುಕಿ’ ಎಂದಳು. ದಿನವೂ ಹೇಳುವುದೇ.

ನವೆಂಬರ್ ೧೩, ಬುಧವಾರ

ಹೊಲಿಗೆಯವಳು ಇಂದು ಒಬ್ಬಳೇ ನನ್ನ ಕೆಲಸದ ಕೋಣೆಗೆ ಬಂದಳು. ಕೈಯಲ್ಲಿ ಒಂದು ಫೋಟೊ. ನಮ್ಮ ಮರದ ಊರಿನ ಫೋಟೊ. ಬೇಕರಿಗೂ ಮುದ್ರಣಾಲಯಕ್ಕೂ ನಡುವಿನ ಖಾಲಿ ಜಾಗಕ್ಕೆ ಯಾರೋ ಕೆಂಪು ಶಾಯಿಯಲ್ಲಿ ಸುತ್ತು ಹಾಕಿದ್ದಾರೆ.

ವಿಷಯ ಇದು. ಆ ಗಲ್ಲಿಯನ್ನು ಕೆಡವಿ ಕಾರು ನಿಲ್ಲಿಸುವ ಜಾಗ ಮಾಡಬೇಕೆಂದು ಪಾಲಿಕೆ ನೋಟಿಸು ಕೊಟ್ಟಿದೆ. ಗಲ್ಲಿ ಹಳೆಯದು, ಬೀಗ ಮಾಡುವವರು ಕಟ್ಟಿಕೊಂಡದ್ದು, ಅದನ್ನು ಪರಂಪರೆಯ ಪಟ್ಟಿಗೆ ಸೇರಿಸಿ ಎಂದು ಇವರು ಕೇಳಿದ್ದಾರೆ. ಹಳೆಯದಲ್ಲ, ಸಾರ್ವಜನಿಕ ಬಯಲಿನಲ್ಲಿ ಆಮೇಲೆ ಎದ್ದ ಮನೆಗಳು ಎಂದು ಪಾಲಿಕೆಯ ವಕೀಲರ ವಾದ; ಕೆಂಪು ಸುತ್ತಿನ ಆ ಫೋಟೊ ಅವರೇ ಕೊಟ್ಟದ್ದು. ಆ ಭಾಗದ ಹಳೆಯ ನಕ್ಷೆಗಳೆಲ್ಲ ಕಡತದ ಕೋಣೆ ಸೋರಿ ಹಾಳಾಗಿವೆ. ಉಳಿದಿರುವ ಸಾಕ್ಷಿ ನಮ್ಮ ಮರದ ಊರೊಂದೇ. ಪರಂಪರೆ ಸಮಿತಿ ಇಪ್ಪತ್ನಾಲ್ಕಕ್ಕೆ, ಸನ್ಮಾನದ ದಿನವೇ, ಅದನ್ನು ಖುದ್ದಾಗಿ ನೋಡಿ ತೀರ್ಮಾನ ಹೇಳುತ್ತದೆ. ಬೇಡವೆಂದರೆ ಮುಂದಿನ ತಿಂಗಳು ಯಂತ್ರಗಳು ಬರುತ್ತವೆ.

‘ನಿಮ್ಮ ಊರಲ್ಲಿ ನಾವಿಲ್ಲ ಅಂತ ನಮ್ಮನ್ನ ಊರು ಬಿಡಿಸ್ತಿದ್ದಾರೆ ಮೇಡಂ.’

ನಾನು ನಿಯಮ ಹೇಳಿದೆ. ಅವರ ಮಾತಿನಿಂದ ಅವರಿಗೇ ಲಾಭವಿರುವಾಗ ಅದನ್ನು ಸಾಕ್ಷಿಯೆಂದು ನಾನು ತೆಗೆದುಕೊಳ್ಳುವಂತಿಲ್ಲ ಎಂದೆ. ಆಕೆ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಒಳ್ಳೆಯದಿತ್ತು. ನನ್ನ ಏಪ್ರನ್ನಿನ ಹರಿದ ಜೇಬು ನೋಡಿ, ‘ಕೊಡಿ, ಎರಡು ಹೊಲಿಗೆ ಹಾಕ್ಕೊಡ್ತೀನಿ, ಚಿಮುಟ ಬಿದ್ದುಹೋಗುತ್ತೆ’ ಎಂದಳು. ಬೇಡ ಎಂದೆ.

ಚಿಮುಟ ಸಂಜೆ ಬಿದ್ದುಹೋಯಿತು. ಮೇಜಿನ ಕೆಳಗೆ ಸಿಕ್ಕಿತು.

ನವೆಂಬರ್ ೧೫, ಶುಕ್ರವಾರ

ನಿರ್ದೇಶಕಿ ಕರೆದು, ಸಮಿತಿಗೆ ಕೊಡಲು ಒಂದು ಟಿಪ್ಪಣಿ ಬರೆಯಿರಿ ಎಂದರು. ಮಾದರಿ ನಿಖರವಾಗಿದೆ, ಅಷ್ಟೇ. ‘ಗಲ್ಲಿ ಇತ್ತು ಅಂತಾನೂ ಬೇಡ, ಇರಲಿಲ್ಲ ಅಂತಾನೂ ಬೇಡ. ಹಾವೂ ಸಾಯಬಾರ್ದು, ಕೋಲೂ ಮುರೀಬಾರ್ದು. ಇಪ್ಪತ್ನಾಲ್ಕಕ್ಕೆ ಮುಂಚೆ ಸಹಿ ಹಾಕ್ಕೊಡಿ.’ ಬರೆಯಲು ಹೆಚ್ಚು ಹೊತ್ತು ಹಿಡಿಯಲಿಲ್ಲ. ಮಾದರಿ ನಿಖರವಾಗಿದೆ ಎನ್ನುವುದು ನನಗೆ ನನ್ನ ಕೈಬೆರಳಷ್ಟೇ ಗೊತ್ತು. ಸಹಿ ನಾಳೆ ಹಾಕಬಹುದೆಂದು ಡ್ರಾಯರಿನಲ್ಲಿಟ್ಟೆ.

ಮನೆಗೆ ಬರುವಾಗ ಬೀಗದ ಗಲ್ಲಿಯ ಮೇಲೆ ಬಂದೆ. ಸುತ್ತುದಾರಿ; ಯಾಕೆ ಹೋದೆನೋ. ಇಬ್ಬರು ಎದುರುಬದುರಾದರೆ ಒಬ್ಬರು ಓರೆಯಾಗಬೇಕು, ಅಷ್ಟು ಕಿರಿದು. ಎರಡು ಸಾಲು ಮನೆ. ಬಾಗಿಲುಗಳು ತಗ್ಗು. ಹೊಸ ಬೀಗ ಮಾಡಿದಾಗ ಮೊದಲು ಸ್ವಂತ ಬಾಗಿಲಿಗೆ ಹಾಕಿ ನೋಡುವುದು ಇವರ ಪದ್ಧತಿಯಂತೆ. ಹಾಗಾಗಿ ಒಂದೊಂದು ಬಾಗಿಲ ಮೈಮೇಲೂ ಹಳೆ ಬೀಗಗಳ ತೂತುಗಳನ್ನು ಮುಚ್ಚಿದ ಮರದ ಬಿಲ್ಲೆಗಳು, ಸಿಡುಬಿನ ಕಲೆಯ ಹಾಗೆ. ಹೊಸ್ತಿಲುಗಳು ನಡುವೆ ಸವೆದು ತಗ್ಗಾಗಿವೆ. ಕಲ್ಲು ಅಷ್ಟು ಸವೆಯಲು ಎಷ್ಟು ಕಾಲ ಬೇಕು? ಗೊತ್ತಿಲ್ಲ. ಕಲ್ಲನ್ನು ಬೇರೆಲ್ಲಿಂದಲೋ ತಂದಿರಲೂಬಹುದು.

ಹೊಲಿಗೆಯವಳು ಕಿಟಕಿಯಿಂದ ನೋಡಿ ಹೊರಗೆ ಬಂದಳು. ಏನೂ ಕೇಳಲಿಲ್ಲ. ನನ್ನ ಚೀಲದಿಂದ ಏಪ್ರನ್ ಎಳೆದುಕೊಂಡು, ನಾನು ಬೇಡ ಬೇಡ ಎನ್ನುವಷ್ಟರಲ್ಲಿ ಜೇಬು ಹೊಲಿದುಬಿಟ್ಟಳು. ಹೊಲಿಗೆ ನೇರವಾಗಿದೆ.

ನವೆಂಬರ್ ೧೬, ಶನಿವಾರ

ಒಂದು ವಿಷಯ ಬರೆದಿಡಬೇಕು.

ನಿನ್ನೆ ಗಲ್ಲಿಯಿಂದ ದೊಡ್ಡ ರಸ್ತೆಗೆ ಬಂದಾಗ ಹಳೆಯ ದೀಪದ ಕಂಬಗಳನ್ನು ಗಮನಿಸಿದೆ. ಬೀಡುಕಬ್ಬಿಣದವು, ಸಮ ಅಂತರದಲ್ಲಿವೆ. ಗಲ್ಲಿಯ ಬಾಯಿ ಎರಡು ಕಂಬಗಳ ನಡುವೆ ಬರುತ್ತದೆ. ಇಂದು ಮರದ ಊರಿನಲ್ಲಿ ಅದೇ ಕಂಬಗಳನ್ನು ನೋಡಿದೆ. ರಸ್ತೆಯುದ್ದಕ್ಕೂ ಕಂಬದಿಂದ ಕಂಬಕ್ಕೆ ಒಂದು ಗೇಣು. ಬೇಕರಿ ದಾಟಿದ ಮೇಲೆ, ಆ ಖಾಲಿ ಜಾಗದ ಎರಡು ಬದಿಯ ಕಂಬಗಳು ಮಾತ್ರ ಗುಟ್ಟು ಹೇಳುವವರ ಹಾಗೆ ಹತ್ತಿರ ಹತ್ತಿರ ನಿಂತಿವೆ.

ಅಲ್ಲೇ ನಮ್ಮ ಎರಡು ಮೇಜುಗಳು ಕೂಡುವ ಗೆರೆಯೂ ಇರುವುದು. ಮರದ ಊರು ಎರಡು ಮೇಜಿನ ಮೇಲಿದೆ; ಕೂಡುಗೆರೆಯ ಮೇಲೆ ತಗಡಿನ ಪಟ್ಟಿ, ಅದಕ್ಕೆ ಮಣ್ಣಿನ ಬಣ್ಣ.

ಒಮ್ಮೆ ನಾನು ಒಂದು ಕಂಬವನ್ನು ಅಕ್ಕಿಕಾಳಿನಷ್ಟು ಪಕ್ಕಕ್ಕೆ ನೆಟ್ಟಿದ್ದಕ್ಕೆ ಮೇಷ್ಟ್ರು ಇಡೀ ರಸ್ತೆಯನ್ನು ಕೀಳಿಸಿ ಮತ್ತೆ ಮಾಡಿಸಿದ್ದರು. ಮೇಷ್ಟ್ರ ಕಂಬ ತಪ್ಪುವುದಿಲ್ಲ. ಹಾಗಾದರೆ ನಡುವಿನ ನೆಲವೇ ಕಡಿಮೆಯಾಗಿರಬೇಕು.

ಟಿಪ್ಪಣಿಗೆ ಸಹಿ ಹಾಕಲು ಪುರುಸೊತ್ತಾಗಲಿಲ್ಲ.

ನವೆಂಬರ್ ೧೮, ಸೋಮವಾರ

ರಜೆಯಾದರೂ ಹೋದೆ. ಕಾವಲಿನವನು ಬಾಗಿಲು ತೆಗೆದು, ‘ಏನಕ್ಕಾ, ಊರಿನವರೆಲ್ಲ ಕ್ಷೇಮಾನಾ?’ ಎಂದು ಯಾವಾಗಲೂ ಮಾಡುವ ತಮಾಷೆ ಮಾಡಿದ. ನಗಲಿಲ್ಲ ಎಂದು ತೋರುತ್ತದೆ, ಅವನು ಸಪ್ಪಗಾದ.

ಟಾರ್ಚು ಹಿಡಿದು ಮೇಜಿನ ಕೆಳಗೆ ಹೋಗಿ ಅಂಗಾತ ಮಲಗಿದೆ. ಇಷ್ಟು ವರ್ಷಗಳಲ್ಲಿ ಬೋಲ್ಟು ಬಿಗಿಯಲು ಕೈ ಹಾಕಿದ್ದುಂಟು, ಪೂರ್ತಿ ಒಳಗೆ ಹೋಗಿದ್ದಿಲ್ಲ. ಮೇಷ್ಟ್ರು ಒಂದೊಂದು ಮನೆಯ ಬುಡಕ್ಕೂ ಒಂದು ಗೂಟ ಕೂರಿಸಿ, ಹಲಗೆಯ ತೂತಿನಲ್ಲಿ ಇಳಿಸಿ ನಿಲ್ಲಿಸಿದ್ದಾರೆ. ರಿಪೇರಿಗೆ ಬಂದರೆ ಆ ಮನೆಯೊಂದನ್ನೇ ಎತ್ತಿಕೊಳ್ಳಬಹುದು. ಮೇಲೆ ಎಷ್ಟು ಮನೆಯೋ ಕೆಳಗೆ ಅಷ್ಟು ಗೂಟದ ತುದಿಗಳು. ಬೆಳಕು ಬಿಟ್ಟಾಗ ಊರೆಲ್ಲ ತಲೆಕೆಳಗಾಗಿ ಕಂಡಿತು: ಬೀದಿಗಳು, ಚೌಕ, ಪೇಟೆ, ಎಲ್ಲ ಬರೀ ಗೂಟಗಳಲ್ಲಿ.

ಕೂಡುಗೆರೆಯ ಹತ್ತಿರ ಬೆಳಕು ಹಿಡಿದೆ. ಎರಡು ಬದಿಯಲ್ಲೂ ಎದುರುಬದುರಾಗಿ ಗೂಟಗಳ ಸಾಲು. ಅಂಚಿಗೆ ತೀರ ಹತ್ತಿರ, ಒಂದಕ್ಕೊಂದು ಒತ್ತಿಕೊಂಡು. ಮೇಲೆ ಮನೆಯಿಲ್ಲದ ಗೂಟಗಳು.

ಎದ್ದು ಬಂದು ಮೇಲೆ ನೋಡಿದೆ. ಮಣ್ಣಿನ ಬಣ್ಣ, ತಗಡಿನ ಪಟ್ಟಿ. ಮತ್ತೆ ಕೆಳಗೆ ಹೋಗಿ ನೋಡಿದೆ. ಹೀಗೆ ಎಷ್ಟು ಸಲ ಮಾಡಿದೆನೋ. ಬೆನ್ನು ನೋಯುತ್ತಿದೆ.

ಅಲ್ಲಿ ಮನೆಗಳಿದ್ದವು. ಮೇಷ್ಟ್ರೇ ಮಾಡಿದ್ದರು. ಆಮೇಲೆ ಯಾರೋ ಗೂಟದ ಮಟ್ಟಕ್ಕೆ ಕೊಯ್ದು ಬಣ್ಣ ಬಳಿದಿದ್ದಾರೆ. ‘ಯಾರೋ’ ಎಂದು ಬರೆದೆ. ನಾನು ಬರುವ ಮುಂಚೆ ಈ ಮೇಜನ್ನು ಮುಟ್ಟುತ್ತಿದ್ದವರು ಒಬ್ಬರೇ.

ನವೆಂಬರ್ ೧೯, ಮಂಗಳವಾರ

ಕೆಳಗಿನಿಂದ ಫೋನಿನಲ್ಲಿ ತೆಗೆದ ಚಿತ್ರವನ್ನು ನಿರ್ದೇಶಕಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದು ನೋಡಿದರು.

‘ಇದು ಏನು ಬೇಕಾದ್ರೂ ಆಗಿರಬಹುದು. ತೂತು ತಪ್ಪಿ ಮುಚ್ಚಿದ್ದಿರಬಹುದು. ಒಂದು ವೇಳೆ ನಿಜ ಅಂತಾನೇ ಇಟ್ಕೊಳ್ಳೋಣ. ಮಾದರಿಯಲ್ಲೇ ತಪ್ಪಿದೆ ಅಂತ ನಾವೇ ಹೇಳಿದ್ರೆ ನಾಳೆ ಇಡೀ ಊರು ಬಂದು ನಮ್ಮನೇದು ಇಲ್ಲಿ, ನಮ್ಮಂಗಡಿ ಅಲ್ಲಿ ಅನ್ನಲ್ವಾ? ನಿಮ್ಮದೇ ನಿಯಮ ಅಲ್ವಾ, ಎರಡು ಸಾಕ್ಷಿ? ಇದು ಒಂದು. ಇನ್ನೊಂದು ಎಲ್ಲಿ?’

ಅವರು ಹೇಳಿದ್ದು ತಪ್ಪಲ್ಲ. ನನ್ನ ನಿಯಮ ಬೇರೆಯವರ ಬಾಯಲ್ಲಿ ಹೇಗೆ ಕೇಳಿಸುತ್ತದೆ ಎಂದು ಇಂದು ತಿಳಿಯಿತು.

‘ಮೇಷ್ಟ್ರು ಹೇಳಿದ್ರೆ?’ ಎಂದೆ.

‘ಮೇಷ್ಟ್ರು ಹೇಳಿದ್ರೆ ಮಾತೇ ಬೇರೆ. ಕೇಳೋ ಧೈರ್ಯ ನಿಮಗಿದ್ರೆ ಕೇಳಿ, ನನಗಂತೂ ಇಲ್ಲ.’

ನವೆಂಬರ್ ೨೦, ಬುಧವಾರ

ಮೇಷ್ಟ್ರ ಮನೆಗೆ ಹೋಗಿದ್ದೆ. ಅವರ ಹೆಂಡತಿ, ನಾನು ಅಮ್ಮ ಎನ್ನುವವರು, ಬಾಗಿಲು ತೆಗೆದು, ‘ಬಾ ಬಾ, ಮೂರು ದಿನದಿಂದ ಭಾಷಣ ಉರು ಹೊಡೀತಿದ್ದಾರೆ, ನೀನಾದ್ರೂ ಕೇಳಿಸ್ಕೋ, ನನ್ನ ಕಿವಿ ತೂತಾಯ್ತು’ ಎಂದರು. ಮೇಷ್ಟ್ರು ಇಸ್ತ್ರಿ ಮಾಡಿಸಿದ ಅಂಗಿ ತೋರಿಸಿದರು. ಕೈ ನಡುಗುತ್ತದೆ, ಲೋಟವನ್ನು ಎರಡು ಕೈಯಲ್ಲಿ ಹಿಡಿಯುತ್ತಾರೆ. ಮಗ, ಸೊಸೆ, ಮೊಮ್ಮಗಳು ಎಲ್ಲ ಭಾನುವಾರಕ್ಕೆ ಬರುತ್ತಾರಂತೆ.

ಅಮ್ಮ ಒಳಗೆ ಹೋದ ಮೇಲೆ ಕೇಳಿದೆ. ‘ಮೇಷ್ಟ್ರೇ, ಬೇಕರಿಗೂ ಪ್ರೆಸ್ಸಿಗೂ ನಡುವೆ ಏನಿತ್ತು?’

ಲೋಟ ಕೆಳಗಿಟ್ಟರು.

‘ಕೆಳಗೆ ಹೋಗಿ ನೋಡಿದ್ಯಾ?’

‘ಹೌದು.’

‘ಹಳೇ ಕಟ್ಟಡದಲ್ಲಿ ಒಂದೇ ಮೇಜಿತ್ತು’ ಎಂದರು. ‘ಈ ಕಟ್ಟಡಕ್ಕೆ ತಂದಾಗ ಬಾಗಿಲಲ್ಲಿ ಹಿಡಿಸ್ಲಿಲ್ಲ. ಊರನ್ನ ಎರಡು ಮಾಡ್ಬೇಕಾಯ್ತು. ಎಲ್ಲಿ ಕೊಯ್ಯೋದು? ಎಲ್ಲಿ ಗರಗಸ ಇಟ್ರೂ ಯಾರದೋ ಮನೆ. ಆ ಗಲ್ಲಿ ನೇರ ಇತ್ತು, ನೆಟ್ಟಗೆ ಹೋಗುತ್ತೆ ಅಂತ ಅಲ್ಲಿಟ್ಟೆ. ಗರಗಸದ ಅದುರಿಗೆ ಎರಡೂ ಕಡೆ ಮನೆಗಳು ಹಾರಿಹೋದ್ವು. ಅಂಚೂ ಕಿತ್ತುಹೋಯ್ತು, ನಯ ಮಾಡೋಕೆ ಇನ್ನಷ್ಟು ಹೆರೆದೆ. ಉದ್ಘಾಟನೆ ತಲೆ ಮೇಲಿತ್ತು. ಗೂಟ ಕೊಯ್ದು, ಪಟ್ಟಿ ಬಡಿದು, ಮಣ್ಣಿನ ಬಣ್ಣ ಹಚ್ಚಿದೆ. ಆಮೇಲೆ ಮಾಡೋಣ ಅಂದ್ಕೊಂಡೆ.’

‘ಆಮೇಲೆ?’

‘ಯಾರಾದ್ರೂ ಕೇಳ್ತಾರೆ ಅಂತ ಕಾದೆ. ಯಾರೂ ಕೇಳ್ಲಿಲ್ಲ.’

ಗಲ್ಲಿಯ ವಿಷಯ, ಸಮಿತಿಯ ವಿಷಯ ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ಮುಖ ಬಿಳಿಚಿತು. ಆದರೆ ಹೇಳಿದ್ದು ಇಷ್ಟು: ‘ಭಾನುವಾರ ಒಂದು ಆಗ್ಲಿ ಮಗಳೇ. ಮೊಮ್ಮಗಳು ಬರ್ತಾಳೆ. ಸೋಮವಾರ ನಾನೇ ಬಂದು ಹೇಳ್ತೀನಿ.’

ಸೋಮವಾರ ಹೇಳಿದರೆ ಏನು ಬಂತು. ಅವರಿಗೂ ಅದು ಗೊತ್ತು. ನಾನು ‘ಹೂಂ’ ಎಂದೆ. ಒಪ್ಪಿ ಹೇಳಿದ ಹೂಂ ಅಲ್ಲ, ಏನೂ ತೋಚದೆ ಹೇಳಿದ್ದು. ಅವರು ಒಪ್ಪಿದಳು ಎಂದೇ ತಿಳಿದಿರಬೇಕು. ಗೇಟಿನ ತನಕ ಬಂದು ಕಳಿಸಿದರು. ಹಾಗೆ ಎಂದೂ ಬಂದವರಲ್ಲ.

ನವೆಂಬರ್ ೨೧, ಗುರುವಾರ

ಇಂದು ಬರೆಯುವಂಥದ್ದಿಲ್ಲ.

ನವೆಂಬರ್ ೨೨, ಶುಕ್ರವಾರ

ಅಕ್ಕನಿಗೆ ಹೇಳಿದೆ. ಪಾತ್ರೆ ತೊಳೆಯುತ್ತಿದ್ದಳು, ನಲ್ಲಿ ನಿಲ್ಲಿಸಿ ಪೂರ್ತಿ ಕೇಳಿದಳು. ಅವಳು ನಡುವೆ ಬಾಯಿ ಹಾಕದೆ ಏನನ್ನಾದರೂ ಕೇಳಿದ್ದು ನನಗೆ ನೆನಪಿಲ್ಲ.

‘ಅತ್ತ ದರಿ ಇತ್ತ ಪುಲಿ’ ಎಂದಳು ಕೊನೆಗೆ.

‘ಮೇಷ್ಟ್ರು ಇಲ್ಲದಿದ್ರೆ ನಾನೆಲ್ಲಿರ್ತಿದ್ದೆ ಹೇಳು.’

‘ಅದು ನಿಜ ಕಣೇ. ಭಾನುವಾರ ಅವರಿಗೆ ತಲೆ ತಗ್ಗಿಸೋ ಹಂಗಾದ್ರೆ ಮನೆಗೆ ಹೋಗಿ ಕದ ಹಾಕ್ಕೊಂಡು ಅಳಬಹುದು. ಆ ಹೊಲಿಗೆಯಮ್ಮನಿಗೆ ಹಾಕ್ಕೊಳ್ಳೋಕೆ ಕದ ಇರುತ್ತಾ?’

ಪಾತ್ರೆ ಒರೆಸಲು ನಾನೂ ನಿಂತೆ. ಅವಳು ಏನೇನೋ ಹೇಳುತ್ತಿದ್ದಳು, ನಾನೂ ಏನೇನೋ ಹೇಳಿದೆ.

ನವೆಂಬರ್ ೨೩, ಶನಿವಾರ

ಟಿಪ್ಪಣಿಗೆ ಸಹಿ ಹಾಕಿಲ್ಲ. ಬೋಲ್ಟುಗಳಿಗೆ ಎಣ್ಣೆ ಬಿಟ್ಟು ಬಂದೆ. ಯಾವುದಕ್ಕೂ ಇರಲಿ ಎಂದು.

ನವೆಂಬರ್ ೨೪, ಭಾನುವಾರ

ಅನುಕ್ರಮವಾಗಿ ಬರೆಯುತ್ತೇನೆ.

ಹತ್ತು ಗಂಟೆಗೇ ಮರದ ಊರಿರುವ ಸಭಾಂಗಣ ತುಂಬಿತು. ಮುಂದಿನ ಸಾಲಿನಲ್ಲಿ ಮೇಷ್ಟ್ರು, ಅಮ್ಮ, ಮಗ, ಸೊಸೆ, ಮೊಮ್ಮಗಳು. ಪಕ್ಕದಲ್ಲಿ ಸಮಿತಿಯವರು, ಅಧ್ಯಕ್ಷೆ ಕೋಲು ಹಿಡಿದು ನಡೆಯುವ ಹಿರಿಯ ಹೆಂಗಸು. ಪಾಲಿಕೆಯ ವಕೀಲರೂ ಬಂದಿದ್ದರು. ಗಲ್ಲಿಯವರು ಹಿಂದೆ ಗೋಡೆಗೆ ಒತ್ತಿ ನಿಂತಿದ್ದರು. ಕುರ್ಚಿ ಖಾಲಿಯಿದ್ದರೂ ಕೂರಲಿಲ್ಲ.

ನಿರ್ದೇಶಕಿ ಮಾತಾಡಿದರು. ಮೇಷ್ಟ್ರಿಗೆ ಫಲಕ ಕೊಟ್ಟರು. ಚಪ್ಪಾಳೆ. ಮೇಷ್ಟ್ರು ಭಾಷಣ ಮರೆತು ‘ಎಲ್ಲರಿಗೂ ಒಳ್ಳೇದಾಗ್ಲಿ’ ಎಂದಷ್ಟೇ ಹೇಳಿ ಕೂತರು. ಆಮೇಲೆ ಎಲ್ಲರೂ ಮರದ ಊರಿನ ಸುತ್ತ ಸೇರಿದರು. ಅಧ್ಯಕ್ಷೆ ಕೋಲಿನ ತುದಿಯಿಂದ ಬೇಕರಿಯ ಪಕ್ಕಕ್ಕೆ ತೋರಿಸಿ ಮೇಷ್ಟ್ರ ಕಡೆ ತಿರುಗಿದರು.

‘ಇದನ್ನ ಕಟ್ಟಿದವರು ನೀವು. ಒಂದೇ ಒಂದು ಪ್ರಶ್ನೆ. ಇಲ್ಲಿ ಬಯಲಿತ್ತಾ?’

ಮೇಷ್ಟ್ರು ಮೊಮ್ಮಗಳ ಕಡೆ ನೋಡಿದರು. ಆಮೇಲೆ ನನ್ನ ಕಡೆ. ನಾನು ಕಣ್ಣು ತಪ್ಪಿಸಿದೆ. ಅವರು ಫಲಕ ಹಿಡಿದುಕೊಂಡೇ ಹಿಂದೆ ಸರಿದು ತಮ್ಮ ಕುರ್ಚಿಯಲ್ಲಿ ಕೂತರು.

‘ವಯಸ್ಸಾಗಿದೆ, ತೊಂದರೆ ಕೊಡೋದು ಬೇಡ’ ಎಂದರು ವಕೀಲರು, ಮೃದುವಾಗಿಯೇ. ‘ಮಾದರಿ ಕಣ್ಣೆದುರಿಗೇ ಇದೆಯಲ್ಲ.’

ಅಧ್ಯಕ್ಷೆ ತಲೆಯಾಡಿಸಿ ಸಹಾಯಕನಿಗೆ ಏನೋ ಬರೆದುಕೊಳ್ಳಲು ಹೇಳತೊಡಗಿದರು.

ಸ್ಪ್ಯಾನರ್ ಏಪ್ರನ್ನಿನ ಜೇಬಿನಲ್ಲಿತ್ತು. ಮೇಜಿನ ಕೆಳಗೆ ಹೋಗಿ ಬೋಲ್ಟುಗಳನ್ನು ಬಿಚ್ಚಿದೆ. ಮೇಲಿನಿಂದ ನಿರ್ದೇಶಕಿ ‘ಏನ್ಮಾಡ್ತಿದ್ದೀರಿ? ಹೊರಗೆ ಬನ್ನಿ’ ಎನ್ನುವುದು ಕೇಳಿಸುತ್ತಿತ್ತು. ಹೊರಗೆ ಬಂದು ಕೂಡುಗೆರೆಯ ಎರಡು ತುದಿಯ ಗಾಜು ಎತ್ತಿ ಗೋಡೆಗೆ ಒರಗಿಸಿದೆ, ತಗಡಿನ ಪಟ್ಟಿಯನ್ನು ಮೀಟಿ ತೆಗೆದೆ. ಮೇಜಿಗೆ ಚಕ್ರಗಳಿವೆ, ಆದರೆ ಎಷ್ಟೋ ಕಾಲದಿಂದ ತಿರುಗಿಲ್ಲ. ನನ್ನೊಬ್ಬಳಿಂದ ಅಲುಗಲಿಲ್ಲ. ಹಿಂದೆ ಗೋಡೆಗೆ ನಿಂತವರ ಕಡೆ ನೋಡಿ ಹೇಳಿದೆ:

‘ಬನ್ನಿ. ಎಲ್ಲರೂ ಕೈ ಹಾಕಿ.’

ಯಾರೂ ಕದಲಲಿಲ್ಲ. ಬೀಗದ ಅಜ್ಜ ‘ಮುಟ್ಬಹುದಾ?’ ಎಂದರು.

‘ಮುಟ್ಟಿ.’

ಬಂದರು. ಅಂಚು ಹಿಡಿದರು. ಆ ಕಡೆ ಕೆಲವರು, ಈ ಕಡೆ ಕೆಲವರು. ‘ಎಳೀರೋ, ಕೂಳು ತಿಂದಿಲ್ವಾ?’ ಎಂದು ಹೊಲಿಗೆಯಮ್ಮ ಗದರಿದಳು. ಚಕ್ರ ಕಿರುಗುಟ್ಟಿತು. ಮರದ ಊರು ನಡುವೆ ಬಿಟ್ಟುಕೊಂಡು ಎರಡಾಯಿತು. ಇನ್ನೂ ಎಳೆಯಿರಿ ಎಂದೆ. ಒಬ್ಬರು ನಡೆದುಹೋಗುವಷ್ಟು ಜಾಗವಾಯಿತು.

ಉಪ್ಪುಕಾಗದ ತೆಗೆದುಕೊಂಡು ಆ ಕಿಂಡಿಯೊಳಗೆ ಹೋಗಿ ಅಂಚಿನ ಬಣ್ಣ ಉಜ್ಜಿದೆ. ಮಣ್ಣಿನ ಬಣ್ಣದ ಕೆಳಗಿನಿಂದ ಗೂಟಗಳ ತುದಿ ಒಂದೊಂದಾಗಿ ಎದ್ದವು, ಕಪ್ಪು ಮರದ ದುಂಡು ಬಿಲ್ಲೆಗಳು. ಎರಡು ಬದಿಯಲ್ಲೂ, ಎದುರುಬದುರು. ಒಂದು ಮನೆಗೆ ಒಂದು ಗೂಟ ಎಂದು ವಿವರಿಸಿದೆ. ಬೇಕರಿಯನ್ನು ಮೇಲೆತ್ತಿ ಅದರ ಗೂಟ ತೋರಿಸಿದೆ. ನನ್ನ ಹಿಂದೆಯೇ ಅಜ್ಜ ಒಳಗೆ ಬಂದರು, ಅವರ ಹಿಂದೆ ಹೊಲಿಗೆಯಮ್ಮ, ಆಮೇಲೆ ಮಿಕ್ಕವರು. ಸೊಂಟದೆತ್ತರಕ್ಕೆ ಎರಡೂ ಕಡೆ ಊರು, ನಡುವೆ ಅವರು. ತಮ್ಮ ಗಲ್ಲಿಯಲ್ಲಿ ತಾವೇ ಸಾಲಾಗಿ ನಿಂತಿದ್ದರು.

‘ಇದು ನಮ್ದು. ಮೂಲೆಯದು.’ ಅಜ್ಜ ಒಂದು ಬಿಲ್ಲೆಯ ಮೇಲೆ ಬೆರಳಿಟ್ಟರು.

‘ಅದರ ಮುಂದೆ ಚರಂಡಿ’ ಎಂದಳು ಹೊಲಿಗೆಯಮ್ಮ. ಅಳುತ್ತಿದ್ದಳು.

ಅಧ್ಯಕ್ಷೆ ಕೋಲೂರಿಕೊಂಡು ಕಿಂಡಿಯೊಳಗೆ ಬಂದರು. ಗೂಟಗಳನ್ನು ನೋಡುತ್ತ ಒಂದು ತುದಿಯಿಂದ ಇನ್ನೊಂದು ತುದಿಗೆ ಹೋದರು. ಯಾರೋ ಎದುರು ಬಂದಾಗ ಓರೆಯಾಗಿ ದಾರಿ ಬಿಟ್ಟರು.

‘ಇವು ಹಳೇವು ಅಂತಾನೇ ಇಟ್ಕೊಳ್ಳೋಣ’ ಎಂದರು ವಕೀಲರು. ‘ಇದ್ದ ಮನೆಗಳನ್ನ ಕತ್ತರಿಸಿದ್ದು ಯಾಕೆ? ತಪ್ಪು ಅಂತ ಗೊತ್ತಾಗೇ ತೆಗೆದಿರಬೇಕಲ್ಲ?’

ಅಧ್ಯಕ್ಷೆ ನನ್ನನ್ನು ಕೇಳಿದರು. ‘ಕತ್ತರಿಸಿದ್ದು ಯಾರು?’

ನಾನು ಸುಳ್ಳು ಹೇಳುವುದಿಲ್ಲ. ‘ಈ ಸಭಾಂಗಣದ ಬಾಗಿಲು ಚಿಕ್ಕದು’ ಎಂದೆ. ‘ಮೇಜು ಒಳಗೆ ಬರಬೇಕಿತ್ತು.’

‘ಬಾಗಿಲು ಕತ್ತರಿಸುತ್ತಾ?’

ಆಗ ಹಿಂದಿನಿಂದ ಕುರ್ಚಿ ಸರಿದ ಸದ್ದು. ಮೇಷ್ಟ್ರು ಎದ್ದು ನಿಂತಿದ್ದರು. ಮಗ ತೋಳು ಹಿಡಿದ, ಬಿಡಿಸಿಕೊಂಡರು.

‘ಬಾಗಿಲಲ್ಲ, ನಾನು’ ಎಂದರು. ‘ಗಲ್ಲಿ ಇತ್ತು. ನೋಡಿಕೊಂಡೇ ಮಾಡಿದ್ದೆ. ಗರಗಸಕ್ಕೆ ಅದೇ ಸಲೀಸು ಅಂತ ಅಲ್ಲೇ ಕೊಯ್ದೆ. ತಪ್ಪಿದ್ದು ಮನೆಗಳಲ್ಲ.’

ಇಷ್ಟು ಹೇಳಿ ಫಲಕವನ್ನು ಕುರ್ಚಿಯ ಮೇಲಿಟ್ಟು ಹೊರಗೆ ನಡೆದರು. ಮನೆಯವರೆಲ್ಲ ಹಿಂದೆಯೇ ಹೋದರು. ಅಮ್ಮ ಒಮ್ಮೆ ತಿರುಗಿ ನನ್ನನ್ನು ನೋಡಿದರು. ಆ ನೋಟದ ಬಗ್ಗೆ ಬರೆಯಲಾರೆ.

ನವೆಂಬರ್ ೨೯, ಶುಕ್ರವಾರ

ಸಮಿತಿಯ ತೀರ್ಮಾನ ಬಂತು. ಬೀಗದ ಗಲ್ಲಿಯನ್ನು ಪರಂಪರೆಯ ಪಟ್ಟಿಗೆ ಸೇರಿಸಿದ್ದಾರೆ. ಕೆಡವುವಂತಿಲ್ಲ. ನಿರ್ದೇಶಕಿ ಓದಿ ಹೇಳಿ, ಕಾಗದ ಮಡಚಿ, ‘ನಿಮ್ಮಂಥೋರನ್ನ ಇಟ್ಕೊಂಡು ಮ್ಯೂಸಿಯಂ ನಡೆಸೋದು ಹೇಗೆ ಅಂತ ನನಗೆ ಗೊತ್ತಾಗ್ತಿಲ್ಲ’ ಎಂದರು. ಸ್ವಲ್ಪ ತಡೆದು, ಗಲ್ಲಿಯ ಮನೆಗಳನ್ನು ಮತ್ತೆ ಮಾಡಿ ಕೂರಿಸಲು ಹೇಳಿದರು. ಅಲ್ಲಿಯ ತನಕ ಮೇಜುಗಳು ಬೇರೆಬೇರೆಯೇ ಇರಲಿ. ಜನ ಗಲ್ಲಿಯೊಳಗೆ ನಿಂತು ಫೋಟೊ ತೆಗೆಸಿಕೊಳ್ಳಲು ಸಾಲುಗಟ್ಟುತ್ತಿದ್ದಾರೆ.

ಸಂಜೆ ಮೇಷ್ಟ್ರ ಮನೆಗೆ ಹೋದೆ. ಮಲಗಿದ್ದಾರೆ ಎಂದರು ಅಮ್ಮ. ಒಳಗಿನಿಂದ ಕೆಮ್ಮು ಕೇಳಿಸಿತು. ಚಪ್ಪಲಿ ಹಾಕಿಕೊಂಡು ಬಂದೆ.

ಡಿಸೆಂಬರ್ ೫, ಗುರುವಾರ

ಗಲ್ಲಿಯ ಮೊದಲ ಮನೆ ಕೆತ್ತುತ್ತಿದ್ದೇನೆ. ಅಜ್ಜ, ಹೊಲಿಗೆಯಮ್ಮ ಇಬ್ಬರೂ ದಿನಾ ಬಂದು ಕೂರುತ್ತಾರೆ. ಸಹಾಯಕ್ಕಿಂತ ಉಪದ್ರವ ಜಾಸ್ತಿ. ಇಂದು ಮೂಲೆಮನೆಯ ಬಾಗಿಲಿನ ಬಣ್ಣಕ್ಕೆ ಜಗಳ. ಹಸಿರು ಎಂದು ಅಜ್ಜ. ತಮ್ಮ ಮನೆಯ ಬಾಗಿಲೇ ನೆನಪಿಲ್ಲದವರು ಬೀಗ ಹೇಗೆ ರಿಪೇರಿ ಮಾಡುತ್ತೀರಿ, ಕೆಂಪು, ಎಂದು ಆಕೆ.

‘ಎರಡೂ ಅಲ್ಲ. ನೀಲಿ.’

ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದರು. ನನ್ನ ಕಡೆ ನೋಡಲಿಲ್ಲ. ನಿಧಾನವಾಗಿ ಬಂದು ತಮ್ಮ ಹಳೆಯ ಸ್ಟೂಲಿನ ಮೇಲೆ ಕೂತರು. ಅದರ ಮೇಲೆ ನಾನು ಬಣ್ಣದ ಡಬ್ಬಿ ಇಟ್ಟಿದ್ದೆ, ಅವರೇ ಎತ್ತಿ ಕೆಳಗಿಟ್ಟರು.

‘ನೀಲಿ ಹೆಂಗಾಗುತ್ತೆ ಸ್ವಾಮಿ, ಹುಟ್ಟಿದ್ದು ನಾನು ಆ ಮನೇಲಿ!’ ಎಂದರು ಅಜ್ಜ.

‘ಹುಟ್ಟಿದ್ದು ನೀವು. ನಿಂತು ನೋಡಿದ್ದು ನಾನು. ಒಂದು ಮಧ್ಯಾಹ್ನ ಪೂರ್ತಿ ಬಿಸಿಲಲ್ಲಿ ನಿಂತಿದ್ದೆ. ನಿಮ್ಮ ತಾಯಿ ಯಾರೋ ಕಳ್ಳ ಅಂತ ಪೊರಕೆ ತಗೊಂಡು ಬಂದಿದ್ರು.’

ಅಜ್ಜ ನಗತೊಡಗಿದರು. ‘ಅದು ನಮ್ಮಮ್ಮನೇ, ಸರಿ’ ಎಂದರು. ‘ನೀಲಿನೇ ಇದ್ರೂ ಇರಬಹುದು.’

ಮೇಷ್ಟ್ರು ನನ್ನ ಕಡೆ ನೋಡದೆಯೇ ಕೈ ಚಾಚಿದರು. ‘ಚಿಮುಟ ಕೊಡು.’

ಕೊಟ್ಟೆ. ಅವರ ಕೈ ನಡುಗುತ್ತಿತ್ತು. ಕಿಟಕಿ ಎರಡು ಸಲ ಜಾರಿ ಬಿತ್ತು. ಮೂರನೆಯ ಸಲ ಹೊಲಿಗೆಯಮ್ಮ ಅವರ ಮಣಿಕಟ್ಟನ್ನು ಕೆಳಗಿನಿಂದ ಹಿಡಿದುಕೊಂಡಳು. ಸೂಜಿಗೆ ದಾರ ಪೋಣಿಸುವಾಗ ತನ್ನ ಅತ್ತೆಗೂ ಹೀಗೇ ಹಿಡಿಯುತ್ತಿದ್ದೆ ಎಂದಳು. ಕಿಟಕಿ ಕೂತಿತು. ಸ್ವಲ್ಪ ಓರೆಯಾಗಿದೆ. ಹಾಗೇ ಬಿಟ್ಟೆ.

ಅಕ್ಕ ಊಟಕ್ಕೆ ಕರೆಯುತ್ತಿದ್ದಾಳೆ, ಇದನ್ನೆಲ್ಲ ಅವಳಿಗೆ ಹೇಳಬೇಕು. ಗಾಜು ಒರೆಸುವುದು ಮರೆತೇ ಬಂದೆ. ಈ ವಾರ ಒಂದು ದಿನವೂ ಒರೆಸಿದಂತಿಲ್ಲ. ನಾಳೆ ನೋಡೋಣ.